ಮರದ ದೋಣಿ ಕೆಡುವುದು ದಡದಲ್ಲಿ

2020ರಲ್ಲಿ ಲಾಕ್‌ಡೌನ್ ಆಗಿ, ಬೆಂಗಳೂರಿನಲ್ಲಿ ನಾನು ಕೆಲಸ ಮಾಡುತ್ತಿದ್ದ ಹೋಟೆಲ್ ಬಾಗಿಲು ಹಾಕಿತು. ಕುಂದಾಪುರ ಹತ್ತಿರದ ನಮ್ಮೂರು ಗಂಗೊಳ್ಳಿಗೆ ವಾಪಸ್ ಬಂದೆ. ಅಪ್ಪಯ್ಯನ ಪಾತಿ ದೋಣಿ ಮನೆ ಹಿಂದೆ ತೆಂಗಿನ ಬುಡದಲ್ಲಿತ್ತು. ಅಪ್ಪಯ್ಯನಿಗೆ ಮಂಡಿನೋವು ಶುರುವಾದ ಮೇಲೆ ಎರಡು ವರ್ಷ ಯಾರೂ ಅದನ್ನು ನೀರಿಗೆ ಇಳಿಸಿರಲಿಲ್ಲ. ಮೇಲೆ ಹೊದಿಸಿದ್ದ ಮಡಲು, ಅಂದರೆ ತೆಂಗಿನ ಗರಿ, ಗಾಳಿಗೆ ಹಾರಿಹೋಗಿ, ಮಧ್ಯಾಹ್ನದ ಬಿಸಿಲು ನೇರ ತಳಕ್ಕೆ ಬೀಳುತ್ತಿತ್ತು. ಮೂತಿಯ ಹತ್ತಿರ ಒಂದು ಬಿರುಕು. ನನ್ನ ಕಿರುಬೆರಳು ಸಲೀಸಾಗಿ ಒಳಗೆ ಹೋಯಿತು.

ಇದನ್ನು ಒಡೆದು ಸೌದೆ ಮಾಡುವುದೇ ಸರಿ ಅಂದುಕೊಂಡೆ. ಅಪ್ಪಯ್ಯ ಜಗಲಿಯಲ್ಲೇ ಕೂತು, "ಸಾಯ್ಲಿಲ್ಲ ಅದ್. ಮೊದ್ಲ್ ನೀರ್ ಕುಡ್ಸ್" ಅಂದರು.

ಅವರು ಹಾಗೆ ಹೇಳುವುದಕ್ಕೆ ಕಾರಣ ಇದೆ. ಹುಡುಗನಾಗಿದ್ದಾಗ ಅವರು ರಾಂಪಣಿಗೆ ಹೋದವರು. ದಡದಿಂದ ಹೊರಟು ಸಮುದ್ರ ಸುತ್ತಿ ಮತ್ತೆ ದಡಕ್ಕೇ ಬರುವ ಉದ್ದದ ಬಲೆ ಅದು. ಎರಡೂ ಕಡೆ ಹತ್ತಾರು ಜನ ನಿಂತು ಎಳೆಯಬೇಕು. 1970ರ ದಶಕದ ಮಧ್ಯದಲ್ಲಿ, ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸಿನ್ ಬೋಟುಗಳು ಬಂದವು. ಮೀನು ದಡಕ್ಕೆ ಬರುವ ಮೊದಲೇ ಆಳದಲ್ಲಿ ಹಿಡಿಯುವುದು ಶುರುವಾಯಿತು. ಕೆಲವೇ ವರ್ಷದಲ್ಲಿ ರಾಂಪಣಿ ಬಹುತೇಕ ನಿಂತಿತು. ರಾಂಪಣಿಯ ದೊಡ್ಡ ದೋಣಿ ಹೊಯಿಗೆಯ (ಮರಳಿನ) ಮೇಲೆ ನಿಂತಲ್ಲೇ ಒಣಗಿ, ಕಟ್ಟು ಬಿಚ್ಚಿ, ಕೊನೆಗೆ ಯಾರದೋ ಬಚ್ಚಲ ಒಲೆಗೆ ಹೋಯಿತಂತೆ. ಅದು ಸಮುದ್ರದಲ್ಲಿ ಒಡೆದಿದ್ದರೆ ಅವರಿಗೆ ಅಷ್ಟು ಬೇಜಾರು ಆಗುತ್ತಿರಲಿಲ್ಲವೇನೋ.

ನಮ್ಮ ಪಾತಿ ಸಣ್ಣದು, ಇಬ್ಬರ ದೋಣಿ. ತಳ ಒಂದೇ ಮಾವಿನ ದಿಮ್ಮಿ ಕೊರೆದಿದ್ದು. ಅದರ ಮೇಲೆ ಎತ್ತರಕ್ಕೆ ಎರಡೂ ಬದಿ ಹೆಬ್ಬಲಸಿನ ಒಂದೊಂದು ಹಲಗೆ. ಹಲಗೆಗೆ ಮೊಳೆ ಇಲ್ಲ, ತೆಂಗಿನ ನಾರಿನ ಹುರಿಯಲ್ಲಿ ಹೊಲಿದಿದ್ದು. ಮಗುಚದ ಹಾಗೆ ಬದಿಗೆ ಒಂದು ತೇಲುಮರ ಕಟ್ಟುತ್ತೇವೆ.

ನೀರು ಕುಡಿಸುವುದು ಅಂದರೆ ಹೀಗೆ. ದೋಣಿಯನ್ನು ಹೊಯಿಗೆಯಲ್ಲಿ ಅರ್ಧ ಹುಗಿದೆವು. ಹಾಗೆ ಮಾಡದಿದ್ದರೆ ನೀರಿನ ಭಾರಕ್ಕೆ ಬದಿ ಬಾಯಿಬಿಡುತ್ತದೆ. ಒಳಗೆ ಗೋಣಿಚೀಲ ಹಾಸಿ ಉಪ್ಪುನೀರು ಸುರಿದೆವು. ಮೊದಲ ದಿನ ಹಾಕಿದ್ದೆಲ್ಲ ಬುಸುಬುಸು ಸೋರಿತು. ನಾನೂ ಭಾವನೂ ಬೆಳಿಗ್ಗೆ, ಸಂಜೆ ಕೊಡ ಹೊತ್ತು ಸುಸ್ತಾದೆವು. ನಾಲ್ಕನೇ ದಿನ ಸೋರುವುದು ಕಮ್ಮಿಯಾಯಿತು. ಒಂಬತ್ತನೇ ದಿನಕ್ಕೆ ಕಿರುಬೆರಳು ಹೋಗುತ್ತಿದ್ದ ಬಿರುಕಿನಲ್ಲಿ ಪೋಸ್ಟ್‌ಕಾರ್ಡ್ ತೂರಿಸುವುದೂ ಕಷ್ಟ. ನನಗೆ ನಂಬಲಿಕ್ಕೇ ಆಗಲಿಲ್ಲ.

ಬಾವಿ ಪಕ್ಕದಲ್ಲೇ ಇತ್ತು, ಆದರೂ ಅಪ್ಪಯ್ಯ ಬಾವಿನೀರು ಮುಟ್ಟಲು ಬಿಡಲಿಲ್ಲ. ಉಪ್ಪುನೀರಲ್ಲಿ ಮರ ಕೊಳೆಯುವುದು ಕಮ್ಮಿ. ಸಿಹಿನೀರು ದೋಣಿಯೊಳಗೆ ನಿಂತರೆ ಮರ ಮೆತ್ತಗಾಗಿ ಅಣಬೆ ಏಳುತ್ತದೆ. ಮಳೆಗಾಲದಲ್ಲಿ ಎಷ್ಟೋ ದೋಣಿ ಹಾಳಾಗುವುದು ಒಳಗೆ ನಿಂತ ಮಳೆನೀರಿನಿಂದಲೇ.

ಆಮೇಲೆ ಹುಳದ ಪರೀಕ್ಷೆ. ಅಳಿವೆಯ, ಅಂದರೆ ಹೊಳೆ ಸಮುದ್ರ ಸೇರುವ ಜಾಗದ ನೀರಲ್ಲಿ ಮರ ಕೊರೆಯುವ ಹುಳ ಇರುತ್ತದೆ. ಹೊರಗೆ ಕಾಣುವ ತೂತು ಗುಂಡುಸೂಜಿಯ ತಲೆಯಷ್ಟೇ. ಒಳಗೆ ಮಾತ್ರ ಬೆರಳು ದಪ್ಪದ ಸುರಂಗ, ಅದಕ್ಕೆ ಸುಣ್ಣ ಬಳಿದ ಹಾಗೆ ಬಿಳಿ ಪದರ. ಕಣ್ಣಿಗೆ ನಂಬಿಕೆ ಇಲ್ಲ, ಕಿವಿಗೇ ಕೆಲಸ. ಕತ್ತಿಯ ಹಿಂಬದಿಯಿಂದ ತಳ ಪೂರ್ತಿ ಬಡಿಯುತ್ತಾ ಹೋದೆ. ಗಟ್ಟಿ ಮರ ಟಣ್ ಅನ್ನುತ್ತದೆ, ತಿಂದ ಜಾಗ ಬೆಂದ ಹಲಸಿನಕಾಯಿ ಬಡಿದ ಹಾಗೆ ದಬ್. ಹಿಂಬದಿ ಎರಡು ಕಡೆ ದಬ್ ಅಂದಿತು. ಆಚಾರಿ ಬಂದು ನೋಡಿ, "ಹ್ವಾಯ್, ಇದ್ ದೋಣಿಯಾ, ಜರಡಿಯಾ?" ಅಂತ ನಕ್ಕರು. ನಕ್ಕರೂ ಕೆಟ್ಟ ಭಾಗ ಕೆತ್ತಿ ತೆಗೆದು ತೇಪೆ ಕೂರಿಸಿಕೊಟ್ಟರು. ತಳದ ಅಡಿಗೆ ಉದ್ದಕ್ಕೂ ಅಗ್ಗದ ಮರದ ಒಂದು ಪಟ್ಟಿಯನ್ನೂ ಹೊಡೆದರು. ಈ ಹುಳ ಒಂದು ಮರದಿಂದ ಪಕ್ಕದ ಮರಕ್ಕೆ ಸಾಮಾನ್ಯವಾಗಿ ದಾಟುವುದಿಲ್ಲ. ಹಾಗಾಗಿ ತಿನ್ನುವುದಿದ್ದರೆ ಆ ಪಟ್ಟಿ ತಿನ್ನಲಿ ಅಂತ. ಪಟ್ಟಿ ಹಾಳಾದಾಗ ಬದಲಿಸಿದರೆ ಆಯಿತು.

ಹೊಲಿಗೆ ನಾವೇ ಮಾಡಿದೆವು. ಹುರಿಯನ್ನು ಮೊದಲು ನೆನೆಸಬೇಕು. ಹಲಗೆ ಸೇರುವ ಸಂದಿಗೆ ನಾರಿನ ಉಂಡೆ ಒತ್ತಿ, ಅದರ ಮೇಲೆ ಹುರಿ ಅಡ್ಡಡ್ಡ ಬರುವ ಹಾಗೆ ತೂತಿನಿಂದ ತೂತಿಗೆ ಹೊಲಿಯುತ್ತಾ ಹೋಗುವುದು. ಒಬ್ಬ ಒಳಗೆ, ಒಬ್ಬ ಹೊರಗೆ. ಪ್ರತಿ ಸುತ್ತಿಗೂ ಒಂದು ಕೋಲು ಸಿಕ್ಕಿಸಿ ತಿರುಚಿ ಬಿಗಿ ಮಾಡಬೇಕು. ಭಾವ ಬಿಗಿಯಾಯಿತು ಅಂದಾಗಲೆಲ್ಲ ಅಪ್ಪಯ್ಯ ಕೋಲಿನಿಂದಲೇ ತಟ್ಟಿ ನೋಡಿ, ಇನ್ನೊಂದು ಸುತ್ತು ಅನ್ನುತ್ತಿದ್ದರು. ಒಂದು ಬದಿಗೆ ಎರಡು ದಿನ ಹಿಡಿಯಿತು. ಕೊನೆಗೆ ತೂತುಗಳಿಗೆ ನಾರು ತುರುಕಿ, ಎಣ್ಣೆಯಲ್ಲಿ ಕಾಯಿಸಿದ ರಾಳ ಮೆತ್ತಿದೆವು.

ನಾನು ಮಾಡಿದ ದೊಡ್ಡ ತಪ್ಪು ಎಣ್ಣೆ ಬಳಿಯುವಾಗ. ನಮ್ಮ ಕಡೆ ದೋಣಿಯ ಹೊರಮೈಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಾರೆ. ಹುಳವನ್ನೂ ನೀರನ್ನೂ ತಡೆಯಲು ಒಳ್ಳೆಯದು. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೋ ಅಂತ ಹೇಳಿದ್ದರು. ಸುಮ್ನೆ ಯಾಕೆ ಅಂತ ಬರಿಗೈಯಲ್ಲಿ ಬಟ್ಟೆ ಅದ್ದಿ ಬಳಿದೆ. ಬೆವರು ಒರೆಸಿಕೊಳ್ಳುವಾಗ ಹಣೆಗೂ ತಾಗಿತು. ಮರುದಿನ ಅಂಗೈ, ಹಣೆ ಎಲ್ಲಾ ಗುಳ್ಳೆ. ಹತ್ತು ದಿನ ಅನ್ನ ಚಮಚದಲ್ಲಿ ಉಂಡೆ. ಚರ್ಮ ಸುಲಿದ ಗುರುತು ಹುಬ್ಬಿನ ಮೇಲೆ ಈಗಲೂ ಇದೆ. ದೋಣಿಯ ಒಳಮೈಗೆ ಮಾತ್ರ ಮೀನೆಣ್ಣೆ. ಬೈಗೆ, ಅಂದರೆ ಮಂಗಳೂರಿನವರ ಬೂತಾಯಿ ಬೇಯಿಸಿ ತೆಗೆದಿದ್ದು. ಅದು ಕೈ ಸುಡುವುದಿಲ್ಲ, ವಾಸನೆಗೆ ಹೆಂಡತಿ ಮನೆಯೊಳಗೆ ಬಿಡುವುದಿಲ್ಲ, ಅಷ್ಟೇ.

ಈಗ ಕ್ರಮ ತಪ್ಪಿಸುವುದಿಲ್ಲ. ಹುಣ್ಣಿಮೆ, ಅಮಾವಾಸ್ಯೆಗೆ ನೀರು ಜಾಸ್ತಿ ಏರುತ್ತದಲ್ವಾ, ಆಗ ದೋಣಿ ತಾನೇ ತೇಲಿ ಮೇಲಿನವರೆಗೆ ಬರುತ್ತದೆ. ಎಳೆಯುವ ಶ್ರಮ ಅರ್ಧ ಉಳಿಯಿತು. ತಳಕ್ಕೆ ಅಂಟಿದ ಚಿಪ್ಪು ಕೆರೆದು, ಒಣ ಮಡಲಿನ ಸೂಡಿ ಹಚ್ಚಿ ತಳದ ಉದ್ದಕ್ಕೂ ಬೆಂಕಿ ಆಡಿಸುತ್ತೇವೆ. ಮರ ಕಪ್ಪಾಗಬಾರದು, ಕೈ ಇಟ್ಟರೆ ಬಿಸಿ ತಾಗಬೇಕು, ಅಷ್ಟು ಸಾಕು. ಎರಡು ದಿನ ನೆರಳಲ್ಲಿ ಒಣಗಿಸಿ ಮತ್ತೆ ನೀರಿಗೆ. ಮೂರನೇ ದಿನ ದಡದಲ್ಲಿದ್ದರೆ ಅಪ್ಪಯ್ಯ ಮಾತು ಬಿಡುತ್ತಾರೆ.

ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳಿಗೆ ನಿಷೇಧ. 10 ಅಶ್ವಶಕ್ತಿಯವರೆಗಿನ ನಾಡದೋಣಿ ಹೋಗಬಹುದು. ಆದರೆ ಆಗಿನ ಅಳಿವೆಯ ತೆರೆಗೆ ನಮ್ಮ ಪಾತಿ ತಡೆಯುವುದಿಲ್ಲ. ಹಾಗಾಗಿ ಅದನ್ನು ಸೌಪರ್ಣಿಕಾ ಹೊಳೆಯಲ್ಲಿ ಮೇಲಕ್ಕೆ ಒಯ್ದು ಕಟ್ಟುತ್ತೇವೆ. ಮಳೆಗಾಲದಲ್ಲಿ ಅಲ್ಲಿ ನೀರು ಸಿಹಿ. ಮರದೊಳಗಿನ ಹುಳ ಸಿಹಿನೀರಲ್ಲಿ ಸಾಯುತ್ತದೆ, ಚಿಪ್ಪೂ ಉದುರುತ್ತದೆ. ಒಳಗೆ ತುಂಬುವ ಮಳೆನೀರು ಮಾತ್ರ ದಿನಾ ಮೊಗೆದು ಹಾಕಬೇಕು.

ನೂಲ ಹುಣ್ಣಿಮೆಗೆ ಕಡಲಿಗೆ ಹಾಲು, ತೆಂಗಿನಕಾಯಿ ಕೊಟ್ಟ ಮೇಲೆ ತೆರೆ ಇಳಿದ ದಿನ ನೋಡಿ ಹೊರಡುತ್ತೇವೆ. ಬೆಳಗಿನ ಜಾವ ಇಳಿನೀರಿನ ಜೊತೆ ಅಳಿವೆ ದಾಟುವುದು, ಏರುನೀರಿನ ಜೊತೆ ವಾಪಸ್. ಎರಡು ಹುಟ್ಟು, ಮೋಟರ್ ಇಲ್ಲ. ಸೀಮೆಎಣ್ಣೆ ಬಂತಾ ಅಂತ ಕಾಯುವ ಗೋಳೂ ಇಲ್ಲ. ದಡ ಕಾಣುವಷ್ಟು ದೂರದಲ್ಲೇ ಬೀಡುಬಲೆ ಬಿಡುತ್ತೇವೆ. ಬಂಗುಡೆಗೆ ಎರಡು ಬೆರಳು ಹೋಗುವ ಕಣ್ಣು. ಬಲೆಯನ್ನು ಏಡಿ ಆಗಾಗ ಕತ್ತರಿಸುತ್ತದೆ. ವಾರಕ್ಕೊಂದು ಮಧ್ಯಾಹ್ನ ಸೂಜಿ ಹಿಡಿದು ಕೂರುವುದು ಇದ್ದದ್ದೇ. ಬಂದ ದುಡ್ಡು ಮೂರು ಪಾಲು: ನನಗೊಂದು, ಭಾವನಿಗೊಂದು, ದೋಣಿ-ಬಲೆಗೊಂದು. ಕೆಲವು ದಿನ ಒಬ್ಬೊಬ್ಬರಿಗೆ ಸಾವಿರ ದಾಟುತ್ತದೆ. ಕೆಲವು ದಿನ ಸಾರಿಗೆ ನಾಲ್ಕು ನಂಗು ಮೀನು ಸಿಕ್ಕರೆ ಪುಣ್ಯ.

ಫೈಬರ್ ತಗೋ ಅಂತ ಎಲ್ಲರೂ ಹೇಳುತ್ತಾರೆ. ಅವರು ಹೇಳುವುದೂ ಸುಳ್ಳಲ್ಲ. ಹುಳದ ಭಯ ಇಲ್ಲ, ಹಗುರ, ಬಿಸಿಲಲ್ಲಿ ಬಿಟ್ಟರೂ ಬಿರಿಯುವುದಿಲ್ಲ. ಬೇರೆ ಕೆಲಸ ಇಟ್ಟುಕೊಂಡು ವಾರಕ್ಕೊಮ್ಮೆ ಮೀನಿಗೆ ಹೋಗುವವರಿಗೆ ನಾನೂ ಫೈಬರನ್ನೇ ಹೇಳುತ್ತೇನೆ. ಮರದ ದೋಣಿಗೆ ದುಡ್ಡು ಕಮ್ಮಿ, ದಿನ ಜಾಸ್ತಿ ಬೇಕು. ನನ್ನ ಹತ್ತಿರ ಇರುವುದು ದಿನಗಳೇ.

ಈ ಸಲ ಎಡಬದಿಯ ಹಲಗೆ ಬದಲಿಸಬೇಕು. ಹೊಲಿಗೆ ತೂತಿನ ಸುತ್ತ ಮರ ಮೆತ್ತಗಾಗಿದೆ. ಹೆಬ್ಬಲಸಿನ ಹಲಗೆ ಒಂದು ಸಿಕ್ಕಿದೆ, ನೆರಳಲ್ಲಿ ಅಟ್ಟದ ಅಡಿಗೆ ಇಟ್ಟಿದ್ದೇನೆ. ಹುರಿ ಹೊಸೆಯಲು ನಾರು ನೆನೆಹಾಕಿ ಆಗಿದೆ. ಗೇರೆಣ್ಣೆಗೆ ರಬ್ಬರ್ ಗ್ಲೌಸ್ ಎರಡು ಜೊತೆ ತಂದಿದ್ದೇನೆ, ಭಾವನಿಗೂ ಸೇರಿಸಿ.