ಹೊಸ ಬಡಾವಣೆಯ ರಸ್ತೆ ವಿನ್ಯಾಸ: ಮೊದಲು ನೀರು, ಆಮೇಲೆ ರಸ್ತೆ, ಕೊನೆಗೆ ಸೈಟು

ಕರ್ನಾಟಕದಲ್ಲಿ ಕೃಷಿ ಜಮೀನನ್ನು ವಸತಿ ಬಡಾವಣೆಯಾಗಿ ಮಾಡಬೇಕಾದರೆ 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂ ಪರಿವರ್ತನೆ ಆಗಬೇಕು. ಜೊತೆಗೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಮಿನಡಿ ವಿನ್ಯಾಸ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಬೇಕು. ಈ ಎರಡು ಕಡತಗಳ ಹಿಂದೆ ಓಡಾಡುವ ಮಾಲೀಕರು ರಸ್ತೆಯ ವಿನ್ಯಾಸವನ್ನು ಮಾತ್ರ ಸಾಮಾನ್ಯವಾಗಿ ನಕ್ಷೆಗಾರರಿಗೇ ಬಿಟ್ಟುಬಿಡುತ್ತಾರೆ, ನಕ್ಷೆಗಾರರು ಸೈಟುಗಳನ್ನು ಜೋಡಿಸಿದ ಮೇಲೆ ಉಳಿದದ್ದನ್ನು ರಸ್ತೆ ಎಂದು ತೋರಿಸುತ್ತಾರೆ. ಕೆಲಸ ಈ ಕ್ರಮದಲ್ಲಿ ನಡೆದರೆ ಬಡಾವಣೆ ಮೊದಲ ಮಳೆಗಾಲದಲ್ಲೇ ಕೆಡುತ್ತದೆ.

ಆದ್ದರಿಂದ ಮೊದಲು ಗ್ರಾಮ ನಕ್ಷೆಯನ್ನೂ ಸರ್ವೆ ನಂಬರಿನ ಟಿಪ್ಪಣಿಯನ್ನೂ (ಮೂಲ ಅಳತೆಯ ಕೈನಕ್ಷೆ) ಮುಂದಿಟ್ಟುಕೊಂಡು ಜಮೀನಿನಲ್ಲಿ ಹಾದುಹೋಗುವ ಹಳ್ಳ, ಕಾಲುವೆ, ಬಂಡಿದಾರಿ ಮತ್ತು ಕಾಲುದಾರಿಗಳನ್ನು ಗುರುತಿಸಬೇಕು. ಕಂದಾಯ ದಾಖಲೆಯಲ್ಲಿ ಬಿ-ಖರಾಬು ಎಂದು ಗುರುತಿಸಿದ ಇಂಥ ಜಾಗ ಸಾರ್ವಜನಿಕ ಉದ್ದೇಶಕ್ಕೆ ಮೀಸಲಾದದ್ದು, ಅದನ್ನು ಸೈಟಿನ ಲೆಕ್ಕಕ್ಕೆ ಸೇರಿಸುವಂತಿಲ್ಲ. ಬಂಡಿದಾರಿಯನ್ನು ಅದೇ ಜಾಗದಲ್ಲಿ ಬಡಾವಣೆಯ ಒಂದು ರಸ್ತೆಯಾಗಿಸಿದರೆ ಆ ಜಾಗ ಸದುಪಯೋಗವೂ ಆಗುತ್ತದೆ, ಹಿಂಬದಿಯ ಹೊಲದವರ ತಕರಾರೂ ಬರುವುದಿಲ್ಲ. ಬಳಿಕ ಅರ್ಧ ಮೀಟರ್ ಎತ್ತರಕ್ಕೊಂದರಂತೆ ಸಮಮಟ್ಟದ ರೇಖೆಗಳನ್ನು (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು) ತೆಗೆಸಿ, ಅತಿ ತಗ್ಗಿನ ಜಾಗವನ್ನು ಉದ್ಯಾನಕ್ಕೆ ಬಿಟ್ಟು, ಮುಖ್ಯ ಚರಂಡಿ ಅಲ್ಲಿಗೆ ಇಳಿಯುವಂತೆ ರಸ್ತೆಗಳ ದಿಕ್ಕನ್ನು ನಿರ್ಧರಿಸಬೇಕು. ಪೂರ್ವ ಮತ್ತು ಉತ್ತರ ದಿಕ್ಕಿನ ಸೈಟಿಗೆ ಗಿರಾಕಿ ಹೆಚ್ಚು ಎಂಬುದು ನಿಜ, ಆದರೆ ವಾಸ್ತುವಿಗಾಗಿ ಇಳಿಜಾರಿಗೆ ಅಡ್ಡವಾಗಿ ರಸ್ತೆಗಳನ್ನು ಎಳೆದರೆ ಮೇಲಿನ ಸಾಲಿನ ನೀರು ಕೆಳಗಿನ ಸಾಲಿನ ಮನೆಗಳ ಹಿತ್ತಿಲಿಗೆ ನುಗ್ಗುತ್ತದೆ.

ಇನ್ನು ಲೆಕ್ಕ. ವಸತಿ ಬಡಾವಣೆಯ ಒಳರಸ್ತೆಗೆ ನಮ್ಮಲ್ಲಿ ರೂಢಿಯಲ್ಲಿರುವ ಕನಿಷ್ಠ ಅಗಲ 9 ಮೀಟರ್, ಅಂದರೆ ಸುಮಾರು 30 ಅಡಿ. 30×40 ಸೈಟುಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಎರಡು ಸಾಲಿನಲ್ಲಿಟ್ಟು, ಸಾಲಿಗೆ 10 ಸೈಟು ಮುಗಿದ ಮೇಲೆ 30 ಅಡಿಯ ಅಡ್ಡರಸ್ತೆ ಕೊಟ್ಟರೆ, ಸೈಟುಗಳಿಗೆ ಜಾಗದ ಶೇ. 66ರಷ್ಟು ಸಿಗುತ್ತದೆ. ಉದ್ಯಾನಕ್ಕೆ ಶೇ. 10, ನಾಗರಿಕ ಸೌಲಭ್ಯಕ್ಕೆ ಶೇ. 5 ಎಂದು ಮೊದಲೇ ತೆಗೆದಿಟ್ಟಿದ್ದರೆ, ಒಟ್ಟು ಜಮೀನಿನಲ್ಲಿ ಮಾರಲು ಉಳಿಯುವುದು ಸುಮಾರು ಶೇ. 56. ಸೈಟುಗಳ ಜಾಗಕ್ಕೆ ಬಹಳ ಕಡೆ ಕೇಳಿಬರುವ ಶೇ. 55ರ ಮಿತಿ ಅಧಿಕಾರಿಗಳ ಹಠವಲ್ಲ, ಇದೇ ಲೆಕ್ಕದ ಫಲ ಎಂಬುದು ಇದರಿಂದ ತಿಳಿಯುತ್ತದೆ. ಅಡ್ಡರಸ್ತೆಯನ್ನು 20 ಸೈಟಿಗೊಂದರಂತೆ ಕಡಿಮೆ ಮಾಡಿದರೂ ಮಾರಲು ಸಿಗುವ ಜಾಗ ಶೇ. 59ನ್ನು ಮುಟ್ಟುವುದಿಲ್ಲ, ಆದರೆ ಸಾಲಿನ ನಡುವಿನ ಮನೆಯವರು ತಮ್ಮ ಹಿಂಬದಿಯ ಮನೆಗೆ ಹೋಗಲು 440 ಅಡಿಯ ಬದಲು 740 ಅಡಿ ನಡೆಯಬೇಕಾಗುತ್ತದೆ. ಈ ವ್ಯಾಪಾರ ಯಾರಿಗೂ ಲಾಭದ್ದಲ್ಲ.

9 ಮೀಟರ್ ಎಂದರೆ ಡಾಂಬರಿನ ಅಗಲವಲ್ಲ, ಎದುರುಬದುರಿನ ಎರಡು ಸೈಟುಗಳ ಗಡಿಗಳ ನಡುವಿನ ಪೂರ್ತಿ ಜಾಗ. ಇಲ್ಲೇ ಹೆಚ್ಚಿನ ಬಡಾವಣೆಗಳು ಎಡವುತ್ತವೆ. ಪಾದಚಾರಿ ಸೌಲಭ್ಯಗಳ ಬಗ್ಗೆ ಭಾರತೀಯ ರಸ್ತೆ ಕಾಂಗ್ರೆಸ್ 2012ರಲ್ಲಿ ಪರಿಷ್ಕರಿಸಿದ 103ನೇ ಸಂಹಿತೆ ವಸತಿ ಪ್ರದೇಶದ ಪಾದಚಾರಿ ಮಾರ್ಗಕ್ಕೆ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲ ಇರಬೇಕೆನ್ನುತ್ತದೆ. ಎರಡೂ ಬದಿಗೆ ಅಷ್ಟು ಕೊಟ್ಟರೆ ವಾಹನಗಳಿಗೆ 5.4 ಮೀಟರ್ ಉಳಿಯುತ್ತದೆ, ಎದುರುಬದುರು ಬರುವ ಎರಡು ಕಾರುಗಳಿಗೆ ಅದು ಧಾರಾಳ. ಆದರೆ ಆಗ ಚರಂಡಿ ಚಪ್ಪಡಿಯಡಿ ಹೋಗಬೇಕು, ಕಂಬಕ್ಕೂ ಮರಕ್ಕೂ ಜಾಗವೇ ಇರುವುದಿಲ್ಲ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಹಂಚಿಕೆಯೆಂದರೆ ಒಂದು ಬದಿಗೆ 1.8 ಮೀಟರ್ ಪಾದಚಾರಿ ಮಾರ್ಗ, ಇನ್ನೊಂದು ಬದಿಗೆ ಮರ, ಕಂಬ, ಬೀದಿದೀಪ ಮೂರೂ ಒಂದೇ ಸಾಲಿನಲ್ಲಿ ನಿಲ್ಲುವ 1.5 ಮೀಟರ್ ಪಟ್ಟಿ, ನಡುವೆ 5.7 ಮೀಟರ್ ಡಾಂಬರು. ಪಾದಚಾರಿ ಮಾರ್ಗದ ಅಂಚುಗಲ್ಲು 15 ಸೆಂಟಿಮೀಟರಿಗಿಂತ ಎತ್ತರವಿರಬಾರದು. ಅದಕ್ಕಿಂತ ಎತ್ತರದ್ದನ್ನು ವಯಸ್ಸಾದವರು ಹತ್ತುವುದಿಲ್ಲ, ರಸ್ತೆಯಲ್ಲೇ ನಡೆಯುತ್ತಾರೆ. ಟ್ರಾನ್ಸ್‌ಫಾರ್ಮರಿಗೆ ಉದ್ಯಾನದ ಅಂಚಿನ ಬಳಿ ಬೇರೆ ಜಾಗ ತೋರಿಸದಿದ್ದರೆ ಅದು ಬಂದು ಕೂರುವುದು ಪಾದಚಾರಿ ಮಾರ್ಗದ ಮೇಲೆಯೇ.

ಡಾಂಬರಿನ ನಡುಮಧ್ಯದಿಂದ ಎರಡೂ ಅಂಚಿಗೆ 50ಕ್ಕೆ 1ರ ಇಳಿಜಾರು ಕೊಡಬೇಕು: 5.7 ಮೀಟರ್ ಅಗಲದ ರಸ್ತೆಯಲ್ಲಿ ಅಂಚು ಮಧ್ಯಕ್ಕಿಂತ ಸುಮಾರು 57 ಮಿಲಿಮೀಟರ್ ಕೆಳಗಿರುತ್ತದೆ. ಮೂರು ಬೆರಳಗಲದಷ್ಟು ಇರುವ ಈ ವ್ಯತ್ಯಾಸ ಕಾಗದದಲ್ಲಿ ಕಾಣುವುದಿಲ್ಲ, ಮೇಸ್ತ್ರಿಯ ಪಟ್ಟಿಯ ಕೆಳಗೆ ಮಾತ್ರ ಕಾಣುತ್ತದೆ. ಹಾಗಾಗಿ ಜಲ್ಲಿ ಹಾಸುವ ಹಂತದಲ್ಲೇ ಅಳೆಯಿರಿ. ಪ್ರತಿ ಅಡ್ಡರಸ್ತೆಯ ಸಂಧಿಯಲ್ಲಿ ರಸ್ತೆಯ ಮಟ್ಟವನ್ನು ನಕ್ಷೆಯಲ್ಲೇ ಬರೆಯಿರಿ, ಏಕೆಂದರೆ ಮನೆ ಕಟ್ಟುವವರು ತಳಪಾಯದ ಎತ್ತರ ನಿರ್ಧರಿಸುವುದು ಅದನ್ನು ನೋಡಿಯೇ.

ಒಂದು ತುದಿ ಮುಚ್ಚಿದ ರಸ್ತೆಗಳನ್ನು ಆದಷ್ಟು ತಪ್ಪಿಸಬೇಕು. ಅನಿವಾರ್ಯವಾದರೆ ರಾಷ್ಟ್ರೀಯ ಕಟ್ಟಡ ಸಂಹಿತೆ ಸಾಮಾನ್ಯವಾಗಿ 150 ಮೀಟರ್ ಉದ್ದದ ಮಿತಿಯನ್ನೂ, ವಾಹನ ತಿರುಗಲು ಯಾವ ಬದಿಯೂ 9 ಮೀಟರಿಗೆ ಕಡಿಮೆಯಿಲ್ಲದ 81 ಚದರ ಮೀಟರ್ ಜಾಗವನ್ನೂ ಹೇಳುತ್ತದೆ. ಪಕ್ಕದ ಜಮೀನು ಇಂದು ರಾಗಿ ಹೊಲವಾಗಿದ್ದರೂ ನಾಳೆ ಬಡಾವಣೆಯಾಗಬಹುದು. ಆದ್ದರಿಂದ ಕನಿಷ್ಠ ಎರಡು ರಸ್ತೆಗಳನ್ನು ಗಡಿಯವರೆಗೆ ಒಯ್ದು ನಿಲ್ಲಿಸಬೇಕು, ಅವುಗಳ ತುದಿಯಲ್ಲಿ ಸೈಟು ಇಡಬಾರದು. ಮಹಾಯೋಜನೆಯ (ಊರಿನ ಮಾಸ್ಟರ್ ಪ್ಲಾನ್) ರಸ್ತೆ ಹಾದುಹೋಗುತ್ತಿದ್ದರೆ ಅದರ ಅಗಲ ಮತ್ತು ಜೋಡಣೆಯನ್ನು ಇದ್ದಂತೆಯೇ ಉಳಿಸಬೇಕು. ಪರಿತ್ಯಾಜನಾ ಪತ್ರದ ಮೂಲಕ ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟ ರಸ್ತೆಗೆ ಕಾಂಪೌಂಡು ಕಟ್ಟಿ ಗೇಟು ಹಾಕಿ ‘ಗೇಟೆಡ್ ಕಮ್ಯುನಿಟಿ’ ಎಂದು ಮಾರುವವರು, ತಾವು ಮಾರುತ್ತಿರುವುದು ತಮ್ಮದಲ್ಲ ಎಂಬುದನ್ನು ಖರೀದಿದಾರರಿಗೆ ಹೇಳುವುದಿಲ್ಲ.

ಕಾಮಗಾರಿಯಲ್ಲಿ ಒಳಚರಂಡಿ, ನೀರಿನ ಕೊಳವೆ, ಪ್ರತಿ ಸಂಧಿಯಲ್ಲೂ ಮುಂದೆ ಕೇಬಲ್ ಎಳೆಯಲು ರಸ್ತೆಯಡಿ ಒಂದೆರಡು ಖಾಲಿ ಕೊಳವೆ, ಮಳೆನೀರು ಚರಂಡಿ, ಜಲ್ಲಿ, ಕೊನೆಗೆ ಡಾಂಬರು ಎಂಬ ಕ್ರಮವನ್ನು ಬಿಡಬಾರದು. ಹಸ್ತಾಂತರಕ್ಕೆ ಮುನ್ನ ಟ್ಯಾಂಕರ್ ತರಿಸಿ, ಅತಿ ಎತ್ತರದ ಸಂಧಿಯಲ್ಲಿ ನೀರು ಬಿಟ್ಟು, ಅದು ಎಲ್ಲಿ ನಿಲ್ಲುತ್ತದೆಂದು ಸುಣ್ಣದಲ್ಲಿ ಗುರುತು ಹಾಕಿ; ಗುತ್ತಿಗೆದಾರರ ಕೊನೆಯ ಬಿಲ್ಲು ಪಾಸಾಗುವುದು ಆ ಗುರುತುಗಳನ್ನೆಲ್ಲ ಸರಿಪಡಿಸಿದ ಮೇಲೆಯೇ ಎಂದು ಕರಾರಿನಲ್ಲಿ ಮೊದಲೇ ಬರೆಸಿಕೊಳ್ಳಿ.