ಕುಚ್ಚಿನ ದುಡ್ಡಿಗೆ ಬೇರೆ ಖಾತೆ

ದಾವಣಗೆರೆಯ ಖಾಸಗಿ ಶಾಲೆಯೊಂದರಲ್ಲಿ ನಾನು ಟೀಚರ್. ಸಂಜೆ ಹೊತ್ತು ಮತ್ತು ರಜಾ ದಿನಗಳಲ್ಲಿ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಕುಚ್ಚು ಹಾಕುತ್ತೇನೆ. ಈ ದುಡ್ಡನ್ನು ಯಾವ ಖಾತೆಗೆ ಹಾಕಿಸಿಕೊಳ್ಳಬೇಕು ಎಂದು ನನ್ನ ಹಾಗೆ ಮನೆಯಲ್ಲೇ ದುಡಿಯುವ ಗೆಳತಿಯರು ಕೇಳುತ್ತಲೇ ಇರುತ್ತಾರೆ. ನಾನು ಹೇಗೆ ಮಾಡಿಕೊಂಡೆ ಎಂಬುದನ್ನು ಬರೆಯುತ್ತೇನೆ.

ಒಬ್ಬರೇ ನಡೆಸುವ ಇಂಥ ಕೆಲಸಕ್ಕೆ ಬೇರೆ ಪ್ಯಾನ್ ಕಾರ್ಡ್ ಇರುವುದಿಲ್ಲ. ನಮ್ಮ ಪ್ಯಾನೇ ವ್ಯವಹಾರದ ಪ್ಯಾನ್, ಲಾಭ ನಮ್ಮ ಆದಾಯ, ಸಾಲವಾದರೂ ನಮ್ಮದೇ. ಹಾಗಾಗಿ ಸ್ವಂತ ಖಾತೆಗೆ ನಾಲ್ಕು ಬ್ಲೌಸಿನ ಕೂಲಿ ಬಂದರೆ ಅದೇನೂ ಅಪರಾಧವಲ್ಲ. ಆದರೆ ಉಳಿತಾಯ ಖಾತೆ ಇರುವುದು ಮನೆಯ ಬಳಕೆಗೆ, ವ್ಯಾಪಾರಕ್ಕಲ್ಲ ಎಂಬ ಷರತ್ತು ಬ್ಯಾಂಕುಗಳಲ್ಲಿ ಇರುತ್ತದೆ. ದಿನಾ ಹತ್ತಾರು ಜಮೆ ಬೀಳತೊಡಗಿದರೆ ವ್ಯಾಪಾರಕ್ಕೆಂದೇ ಇರುವ ಕರೆಂಟ್ ಅಕೌಂಟ್ ಮಾಡಿಸಿ ಎಂದು ಅವರು ಹೇಳಬಹುದು. ನನ್ನ ಆರ್ಡರ್‌ಗಳು ಕಡಿಮೆ ಇದ್ದಾಗ ಬ್ಯಾಂಕಿನಲ್ಲಿ ಕೇಳಿಯೇ ನನ್ನ ಹೆಸರಿನಲ್ಲಿ ಇನ್ನೊಂದು ಉಳಿತಾಯ ಖಾತೆ ತೆರೆದೆ. ಯಜಮಾನರನ್ನು ಜಂಟಿಯಾಗಿ ಸೇರಿಸಲಿಲ್ಲ, ನಾಮಿನಿ ಮಾಡಿದೆ. ಜಂಟಿ ಮಾಡಿದರೆ ಅವರ ದುಡ್ಡೂ ಅಲ್ಲೇ ಓಡಾಡತೊಡಗುತ್ತದೆ, ಆಮೇಲೆ ಬಿಡಿಸಿ ನೋಡುವುದು ಕಷ್ಟ.

ಪಕ್ಕದ ಮನೆಯ ಹುಡುಗಿ ಆಗ ಕೇಳಿದ್ದಳು, "ಯಾಕ್ರೀ ಅಕ್ಕಾ ಇನ್ನೊಂದು ಅಕೌಂಟ್, ಸಂಬಳದ ಅಕೌಂಟ್ ಐತಲ್ಲ?"

ನನ್ನ ಕಾರಣ ಮುಂಗಡದ ದುಡ್ಡು. ನಮ್ಮೂರಲ್ಲಿ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆ ಹತ್ತಿರ ಬಂದಂತೆ ಎಲ್ಲರಿಗೂ ಹೊಸ ಸೀರೆ, ಎಲ್ಲ ಸೀರೆಗೂ ಕುಚ್ಚು, ಬ್ಲೌಸು. ಅರ್ಧ ದುಡ್ಡು ಮೊದಲೇ ಕೊಟ್ಟು ಹೋಗುತ್ತಾರೆ. ಅದೇ ಹೊತ್ತಿಗೆ ನಮ್ಮ ಮನೆಗೂ ನೆಂಟರು ಬರುತ್ತಾರೆ, ಸುಣ್ಣಬಣ್ಣ, ದಿನಸಿ, ಮಕ್ಕಳಿಗೆ ಬಟ್ಟೆ. ಖಾತೆ ಒಂದೇ ಆಗಿದ್ದರೆ ಗಾಡಿಯ ಇಎಂಐ ಐದನೇ ತಾರೀಖು ತಾನೇ ಕತ್ತರಿಸಿಕೊಂಡು ಹೋಗುವುದು ಗಿರಾಕಿ ಕೊಟ್ಟ ಮುಂಗಡದಿಂದ. ಆ ದುಡ್ಡು ಇನ್ನೂ ನನ್ನದಲ್ಲ. ಅದರಲ್ಲಿ ರೇಷ್ಮೆ ದಾರ, ಮಣಿ, ಲೈನಿಂಗ್ ಬಟ್ಟೆ ತರಬೇಕು. ಸೀರೆ ಕೈಗೆ ಕೊಟ್ಟ ಮೇಲೆ ಉಳಿದದ್ದು ಮಾತ್ರ ನನ್ನ ದುಡಿಮೆ. ಬೇರೆ ಖಾತೆ ಮಾಡಿದ್ದರಿಂದ ಮಣಿ ತರಲು ಹೊರಟಾಗ ಮನೆಯಲ್ಲಿ ಯಾರ ಹತ್ತಿರವೂ ಕೇಳಬೇಕಾಗಿಲ್ಲ.

ಯುಪಿಐ ವಿಷಯದಲ್ಲಿ ಒಂದು ಜಾಗ್ರತೆ ಬೇಕು. ಒಂದೇ ಮೊಬೈಲ್ ನಂಬರಿಗೆ ಎರಡು ಖಾತೆ ಜೋಡಿಸಿದರೆ, ನಂಬರಿಗೆ ಕಳಿಸಿದ ದುಡ್ಡು ನಾವು ಮುಖ್ಯ ಎಂದು ಗುರುತು ಮಾಡಿದ ಖಾತೆಗೇ ಹೋಗುತ್ತದೆ. ನಾನು ಫೋನಿನ ಎರಡನೇ ಸಿಮ್ಮನ್ನು ಹೊಲಿಗೆಯ ಖಾತೆಗೆ ಕೊಟ್ಟೆ. ಗಿರಾಕಿಗಳ ವಾಟ್ಸಾಪೂ ಆ ನಂಬರಿಗೇ. ಕ್ಯೂಆರ್ ಕೋಡ್ ಪ್ರಿಂಟ್ ಹಾಕಿಸಿ ಮಷಿನ್ ಪಕ್ಕದ ಗೋಡೆಗೆ ಅಂಟಿಸಿದ್ದೇನೆ. ನಾದಿನಿ ಚೀಟಿ ದುಡ್ಡು ಕಳಿಸುವುದು, ತಮ್ಮ ಕೈಗಡ ವಾಪಸ್ ಮಾಡುವುದು, ಇವೆಲ್ಲ ಹಳೇ ನಂಬರಿಗೆ ಮಾತ್ರ. ಇದನ್ನು ಎಲ್ಲರಿಗೂ ಹೇಳಿ ಒಪ್ಪಿಸುವುದೇ ಖಾತೆ ತೆರೆಯುವುದಕ್ಕಿಂತ ದೊಡ್ಡ ಕೆಲಸವಾಯಿತು.

ಈ ಹಟ ಯಾಕೆಂಬುದು 2025ರ ಜುಲೈನಲ್ಲಿ ನಮ್ಮ ಮನೆಯವರಿಗೂ ಅರ್ಥವಾಯಿತು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕೊಟ್ಟಿತು. "ಯುಪಿಐ ಇಲ್ಲ, ನಗದು ಮಾತ್ರ" ಎಂದು ಹಲವು ಅಂಗಡಿಯವರು ಬೋರ್ಡ್ ಹಾಕಿದರು. ನೋಟಿಸಿನ ಲೆಕ್ಕದಲ್ಲಿ ಮನೆಯವರು ಕಳಿಸಿದ ದುಡ್ಡು, ಕೈಸಾಲ ಎಲ್ಲ ಸೇರಿದೆ ಎಂದು ಹಲವರು ಹೇಳಿಕೊಂಡರು. ಅವರ ಮಾತು ನಿಜವೇ ಇರಬಹುದು, ಆದರೆ ವರ್ಷಗಳ ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡು ಒಂದೊಂದು ಸಾಲನ್ನೂ ವಿವರಿಸುವುದು ಎಂಥ ಸಂಕಟ! ಜಿಎಸ್‌ಟಿ ನೋಂದಣಿಯ ಮಿತಿ ನಮ್ಮಲ್ಲಿ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ, ಹೊಲಿಗೆಯಂಥ ಸೇವೆಗೆ 20 ಲಕ್ಷ. ನನ್ನ ವಹಿವಾಟು ಅದರ ಹತ್ತಿರಕ್ಕೂ ಇಲ್ಲ. ಆದರೂ ನನ್ನ ವಹಿವಾಟು ಇಷ್ಟೇ ಎಂದು ಒಂದು ಪಾಸ್‌ಬುಕ್ ತೋರಿಸಿ ಹೇಳಬಲ್ಲೆ ಎಂಬ ಧೈರ್ಯ ದೊಡ್ಡದು.

ಇನ್ನೊಂದು ಭಯ ಸೈಬರ್ ವಂಚನೆಯದು. ಗುರುತಿಲ್ಲದ ಗಿರಾಕಿ ಕಳಿಸಿದ ದುಡ್ಡು ಎಲ್ಲೋ ಮೋಸದಿಂದ ಬಂದದ್ದಾಗಿದ್ದು, ಕಳಕೊಂಡವರು ಸೈಬರ್ ಸಹಾಯವಾಣಿ 1930ಕ್ಕೆ ದೂರು ಕೊಟ್ಟರೆ, ಆ ದುಡ್ಡು ಹಾದುಹೋದ ಖಾತೆಗಳಿಗೂ ತಡೆ ಬೀಳುವುದುಂಟು. ಅಂಥ ತಡೆ ಸಂಬಳದ ಖಾತೆಗೆ ಬಿದ್ದರೆ ಹಾಲು, ಬಾಡಿಗೆ, ಶಾಲೆ ಫೀಸು ಎಲ್ಲ ನಿಲ್ಲುತ್ತದೆ.

ತಿಂಗಳ ಕೊನೆಗೆ ಹೊಲಿಗೆ ಖಾತೆಯಿಂದ ಸಂಬಳದ ಖಾತೆಗೆ ಒಂದೇ ಸಲ ದುಡ್ಡು ವರ್ಗಾಯಿಸುತ್ತೇನೆ, ಷರಾದಲ್ಲಿ "ನನ್ನ ಕೂಲಿ" ಎಂದು ಬರೆಯುತ್ತೇನೆ. ಪಾಸ್‌ಬುಕ್ಕಿನಲ್ಲಿ ಮೇಲಿಂದ ಕೆಳಗೆ ಬೆರಳಿಟ್ಟು ಬಂದರೆ ಬ್ಲೌಸ್ ಮುಂಗಡ, ಬಾಕಿ, ದಾರದಂಗಡಿ, ಮಷಿನ್ ರಿಪೇರಿ, ಕೊನೆಗೆ ಆ ಕೂಲಿ. ನಗದು ಕೊಟ್ಟವರ ದುಡ್ಡನ್ನೂ ಖರ್ಚು ಮಾಡದೆ ವಾರಕ್ಕೊಮ್ಮೆ ಇದೇ ಖಾತೆಗೆ ಕಟ್ಟುತ್ತೇನೆ. ಹೀಗೆ ನೋಡಿದಾಗಲೇ ನನಗೆ ತಿಳಿದದ್ದು, ಸಾದಾ ಬ್ಲೌಸಿಗಿಂತ ಕುಚ್ಚಿನಲ್ಲಿ ನನ್ನ ಕೈಗೆ ಉಳಿಯುವುದು ಹೆಚ್ಚು ಎಂದು. ಈಗ ಸಾದಾ ಬ್ಲೌಸಿನ ಆರ್ಡರ್ ಕಡಿಮೆ ತೆಗೆದುಕೊಳ್ಳುತ್ತೇನೆ.

ಆರ್ಡರ್ ಬೆಳೆದ ಮೇಲೆ ಕರೆಂಟ್ ಅಕೌಂಟ್ ಮಾಡಿಸಿದೆ. ಅದಕ್ಕೆ ವ್ಯವಹಾರದ ಹೆಸರಿನ ದಾಖಲೆ ಬೇಕು, ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡಿಕೊಡುವ ಉದ್ಯಮ್ ನೋಂದಣಿ ಸುಲಭದ ದಾರಿ. ಆಧಾರ್, ಪ್ಯಾನ್ ಇದ್ದರೆ ಸರ್ಕಾರದ ಜಾಲತಾಣದಲ್ಲಿ ಪೂರ್ತಿ ಉಚಿತ. ಶುಲ್ಕ ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲ, ಮುಚ್ಚಿಬಿಡಿ. ಕರೆಂಟ್ ಅಕೌಂಟಿನಲ್ಲಿ ಬಡ್ಡಿ ಇಲ್ಲ, ಕನಿಷ್ಠ ಮೊತ್ತ ಇಡಬೇಕೆಂಬ ನಿಯಮ ಬಹಳ ಕಡೆ ಇದೆ. ಹಾಗಾಗಿ ವಾರಕ್ಕೆ ಎರಡು ಸೀರೆ ಬರುವವರು ಮೊದಲ ದಿನವೇ ಅದಕ್ಕೆ ಕೈಹಾಕುವುದು ನನಗೆ ಸರಿ ಕಾಣುವುದಿಲ್ಲ.

ತೆರಿಗೆ ರಿಟರ್ನ್‌ನಲ್ಲಿ ಸಂಬಳದ ಜೊತೆ ಈ ಆದಾಯವನ್ನೂ ತೋರಿಸಬೇಕು, ಸಣ್ಣದು ಎಂದು ಬಿಡುವಂತಿಲ್ಲ. ನಾನು ಐಟಿಆರ್-4 ತುಂಬಿದೆ. ಆದಾಯ ತೆರಿಗೆಯಲ್ಲಿ ಸಣ್ಣ ವ್ಯವಹಾರಕ್ಕೆ ಇರುವ ಅಂದಾಜು ಲಾಭದ ನಿಯಮದಂತೆ ಬ್ಯಾಂಕ್ ಮೂಲಕ ಬಂದ ವಹಿವಾಟಿಗೆ ಕನಿಷ್ಠ ಶೇ 6, ನಗದಿಗೆ ಶೇ 8 ಲಾಭವೆಂದು ತೋರಿಸಬಹುದು. ಹೊಲಿಗೆಯಲ್ಲಿ ಸಾಮಾನಿಗಿಂತ ಕೂಲಿಯೇ ಹೆಚ್ಚು, ಲಾಭ ಅದಕ್ಕಿಂತ ಬಹಳ ಜಾಸ್ತಿ ಬರುತ್ತದೆ. ಬಂದಷ್ಟನ್ನೂ ಬರೆದೆ. ಎರಡೂ ಉಳಿತಾಯ ಖಾತೆಗಳ ಬಡ್ಡಿಯನ್ನೂ ಸೇರಿಸಿದೆ. ಮುಂದೆ ಓವರ್‌ಲಾಕ್ ಮಷಿನ್ ಕೊಳ್ಳಲು, ಸಣ್ಣ ಉದ್ಯಮಗಳಿಗೆಂದು ಸರ್ಕಾರ ಮಾಡಿದ ಮುದ್ರಾ ಯೋಜನೆಯ ಸಾಲಕ್ಕೆ ಅರ್ಜಿ ಹಾಕುವ ಯೋಚನೆ ಇದೆ. ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಕೊಡುತ್ತಾರೆ. ಅರ್ಜಿಯ ಜೊತೆ ಇಡಲು ರಿಟರ್ನ್ ಪ್ರತಿ ಮತ್ತು ಹೊಲಿಗೆ ಖಾತೆಯ ಸ್ಟೇಟ್‌ಮೆಂಟನ್ನು ಈಗಲೇ ತೆಗೆಸಿ ಫೈಲಿಗೆ ಹಾಕಿದ್ದೇನೆ.