ಕಾಫಿ ಗೋಡೌನಿನಲ್ಲಿ ಕಡಲಾಳ: ನೀರಿಲ್ಲದೆ ಸೂಪರ್‌ಹೀರೋ ಹುಟ್ಟಿಸುವ ಬಗೆ

ಕೊಡಗಿಗೆ ಕಡಲಿಲ್ಲ. ಕಡಲಡಿಯ ಲೋಕದಲ್ಲಿ ಸೂಪರ್‌ಹೀರೋ ಹುಟ್ಟುವ ಕಿರುಚಿತ್ರಕ್ಕೆ ಅದು ಅಡ್ಡಿಯೂ ಅಲ್ಲ. 2018ರ ‘ಆಕ್ವಾಮ್ಯಾನ್’ನಲ್ಲೇ ನೀರೊಳಗಿನ ದೃಶ್ಯಗಳನ್ನು ಬಹುಪಾಲು ಒಣ ಸ್ಟುಡಿಯೋದಲ್ಲಿ ತೆಗೆದದ್ದು, ನಟರನ್ನು ಚೌಕಟ್ಟಿಗೆ ಕಟ್ಟಿ ತೇಲಿಸಿ, ಕೂದಲನ್ನು ಆಮೇಲೆ ಕಂಪ್ಯೂಟರ್‌ನಲ್ಲಿ ಸೇರಿಸಿದರು. ಅಷ್ಟು ದುಡ್ಡು ನಮ್ಮಲ್ಲಿಲ್ಲ. ಖಾಲಿ ಗೋಡೌನ್ ಇದೆ, ಅದು ಸಾಕು.

ಗೋಡೌನ್ ಕೇಳುವುದಾದರೆ ಜೂನ್‌ನಿಂದ ಆಗಸ್ಟ್ ಒಳಗೆ ಕೇಳಿ. ಕುಯ್ಲು ಶುರುವಾದ ಮೇಲೆ ಚೀಲ ತುಂಬಿರುತ್ತದೆ, ಕಾಫಿಯೋ ಸುತ್ತಲಿನ ವಾಸನೆಯನ್ನೆಲ್ಲ ಹೀರಿಕೊಳ್ಳುವ ಸರಕು. ಒಂದೇ ಒಂದು ಚೀಲ ಉಳಿದಿದ್ದರೂ, ನೀರಿನ ಮಸುಕು ತರಲು ಹೊಗೆ ಬಿಡುವ ಫಾಗ್ ಮೆಷಿನ್ ಹಚ್ಚಬೇಡಿ. ನೆಲದ ಹೊಟ್ಟನ್ನು ಪೂರ್ತಿ ಗುಡಿಸಿ ಹೊರಗೆ ಹಾಕಿ: ಬಿಸಿ ದೀಪಕ್ಕೆ ತಾಗಿದರೆ ಹೊತ್ತಿಕೊಳ್ಳುತ್ತದೆ. ಗುಡಿಸಿದ ಮೇಲೂ ಗಾಳಿಯಲ್ಲಿ ಉಳಿಯುವ ಸಣ್ಣ ದೂಳಿದೆಯಲ್ಲ, ಅದು ಮಾತ್ರ ವರ. ಹಿಂದಿನಿಂದ ಬೆಳಕು ಬಿಟ್ಟರೆ ಸಮುದ್ರದಾಳದಲ್ಲಿ ಉದುರುತ್ತಿರುವ ಕಣಗಳ ಹಾಗೆಯೇ ಕಾಣುತ್ತದೆ.

ಹಂಚಿನ ಮಾಡಿನ ಸಂದಿಯಿಂದ ಹೊಗೆ ನಿಮಿಷದಲ್ಲಿ ಹೊರಟುಹೋಗುತ್ತದೆ. ಹತ್ತಡಿ ಎತ್ತರದಲ್ಲಿ ಟಾರ್ಪಾಲ್ ಬಿಗಿದು ಕಟ್ಟಿ, ಬಾಗಿಲು ಹಾಕಿ, ಫಾಗ್ ಬಿಟ್ಟು, ಹತ್ತು ನಿಮಿಷ ಫ್ಯಾನ್ ತಿರುಗಿಸಿ ಸಮ ಹರಡಿಸಿ. ಮೋಡದ ಹಾಗೆ ಉಂಡೆಯುಂಡೆಯಾಗಿ ಕಂಡರೆ ಅದು ನೀರಲ್ಲ, ನಾಟಕದ ಸ್ವರ್ಗ. ಎದುರಿನ ಗೋಡೆ ಮಸುಕಾಗಿ ಕಂಡರೆ ಹದ ಬಂದಿದೆ ಎಂದರ್ಥ.

ನೀರಡಿಯಲ್ಲಿ ಅಲುಗಾಡುವ ಬೆಳಕಿನ ಗೆರೆಗಳ ಬಲೆಗೆ ಅಗಲವಾದ ತಟ್ಟೆಯಲ್ಲಿ ಎರಡಿಂಚು ನೀರು ಹಾಕಿ, ತಳದಲ್ಲಿ ಒಡೆದ ಕನ್ನಡಿ ಚೂರುಗಳನ್ನು ಹರಡಿ, ಓರೆಯಾಗಿ ದೀಪ ಬಿಟ್ಟು ನೀರನ್ನು ಬೆರಳಿನಿಂದ ಮೆಲ್ಲಗೆ ಕಲಕಿ. ಎಲ್ಲರೂ ಎಡವುವ ಎರಡು ಜಾಗ ಇಲ್ಲಿವೆ. ಮದುವೆ ಮನೆಯ ಪಾರ್ ಲೈಟಿನಲ್ಲಿ ಹತ್ತಾರು ಬಲ್ಬ್ ಇರುವುದರಿಂದ ಗೆರೆಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಒಂದೇ ಬಲ್ಬಿನ ದೀಪ ಬೇಕು. ಇನ್ನು ತಟ್ಟೆ ನೆಲದಲ್ಲಿದ್ದರೆ ಬೆಳಕು ಕೆಳಗಿನಿಂದ ಮುಖಕ್ಕೆ ಹೊಡೆದು ನಾಯಕ ದೆವ್ವದ ಹಾಗೆ ಕಾಣುತ್ತಾನೆ. ಮೇಲೆ ಏಣಿಗೆ ದೊಡ್ಡ ಕನ್ನಡಿಯೊಂದನ್ನು ಭದ್ರವಾಗಿ ಕಟ್ಟಿ ಬೆಳಕನ್ನು ಕೆಳಕ್ಕೆ ತಿರುಗಿಸಿ. ನೀರು, ಕರೆಂಟ್ ಒಂದೇ ಕಡೆ ಇರುವುದರಿಂದ ಕರೆಂಟ್ ಸೋರಿದರೆ ತಾನಾಗಿ ಕಡಿಯುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಇಲ್ಲದೆ ಸ್ವಿಚ್ ಹಾಕಬೇಡಿ.

ಈ ಬಲೆ ಮೇಲ್ನೀರಿಗೆ ಮಾತ್ರ. ಹುಡುಗ ಆಳಕ್ಕೆ ಇಳಿದಂತೆ ಅದು ಮಾಯವಾಗಬೇಕು. ನೀರು ಮೊದಲು ನುಂಗುವುದು ಕೆಂಪನ್ನು, ಹತ್ತು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಅಂಗಿ ಕಪ್ಪುಕಂದು. ದೀಪ 5600 ಕೆಲ್ವಿನ್ ಇದ್ದರೆ ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು (ಬಣ್ಣದ ಹೊಂದಿಕೆ) 4000ಕ್ಕೆ ಇಡಿ, ತೆಳು ನೀಲಿ ಬರುತ್ತದೆ. ಉಳಿದದ್ದನ್ನು ಎಡಿಟಿಂಗ್‌ನಲ್ಲಿ ಶಾಟಿನಿಂದ ಶಾಟಿಗೆ ಕೆಂಪು ಇಳಿಸುತ್ತಾ ಹೋಗಿ. ಶೂಟಿಂಗಿನಲ್ಲೇ ಕಡುನೀಲಿ ಮಾಡಿದರೆ ಚರ್ಮದ ಬಣ್ಣ ಮತ್ತೆ ಸಿಗುವುದಿಲ್ಲ.

ಕ್ಯಾಮೆರಾ ವೇಗ ಸೆಕೆಂಡಿಗೆ 50 ಫ್ರೇಮ್, ಶಟರ್ 1/100, ಎಡಿಟಿಂಗ್ ಟೈಮ್‌ಲೈನ್ 25. ಚಲನೆ ಸರಿಯಾಗಿ ಅರ್ಧಕ್ಕೆ ಇಳಿಯುತ್ತದೆ. ಮೊಬೈಲ್‌ನಲ್ಲಿ 60 ಫ್ರೇಮ್ ಸಿಗುತ್ತದೆಂದು ಅದನ್ನು ಹಾಕಿದರೆ, ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಅಗ್ಗದ ಎಲ್‌ಇಡಿಗಳು ಮಿನುಗುವುದು ಪರದೆಯಲ್ಲಿ ಕಾಣುತ್ತದೆ. ಪಾತ್ರ ಮಾತಾಡುವ ಶಾಟ್ ಇದ್ದರೆ ಸಂಭಾಷಣೆಯನ್ನು ಮೊದಲೇ ರೆಕಾರ್ಡ್ ಮಾಡಿ, ಎರಡು ಪಟ್ಟು ವೇಗದಲ್ಲಿ ಕೇಳಿಸಿ ತುಟಿ ಆಡಿಸಿ.

ತೇಲುವುದಕ್ಕೆ ಮಾಡಿನ ತೊಲೆಗೆ ಹಗ್ಗ ಕಟ್ಟಿ ನೇತುಹಾಕುವ ಯೋಚನೆ ಬಿಡಿ. ಆ ತೊಲೆ ಹೊರಲಿಕ್ಕಿರುವುದು ಹಂಚನ್ನು. ಏತದಂಥ ಚೌಕಟ್ಟು ಮಾಡಿಸಿ. ಮಡಿಕೇರಿ ದಸರಾದ ದಶಮಂಟಪಗಳಿಗೆ ಚಲಿಸುವ ಬೊಂಬೆ ಕೂರಿಸುವ ವೆಲ್ಡರ್‌ಗಳಿಗೆ ಇದು ಸಲೀಸು, ಆದರೆ ಸೆಪ್ಟೆಂಬರ್ ಬಂತೆಂದರೆ ಅವರು ಕೈಗೆ ಸಿಗುವುದಿಲ್ಲ. ಎರಡಿಂಚಿನ ಚೌಕ ಪೈಪ್, 3 ಮಿ.ಮೀ. ದಪ್ಪ, ಒಟ್ಟು ಒಂಬತ್ತಡಿ. ಆಧಾರದ ಗೂಟದಿಂದ ನಟನ ಕಡೆಗೆ ಮೂರಡಿ, ಹಿಡಿಯುವವರ ಕಡೆಗೆ ಆರಡಿ. ಆಗ 60 ಕೆ.ಜಿ. ಹುಡುಗನನ್ನು ಆ ತುದಿಯಲ್ಲಿ 30 ಕೆ.ಜಿ. ತೂಗಿಸುತ್ತದೆ: 20 ಕೆ.ಜಿ. ಮರಳಿನ ಚೀಲ ಕಟ್ಟಿ, ಮಿಕ್ಕದ್ದನ್ನು ಒಬ್ಬರು ಕೈಯಲ್ಲೇ ಆಡಿಸಬಹುದು. ಹೊಟ್ಟೆಗೆ ಫೋಮ್ ದಿಂಬು, ಸೊಂಟಕ್ಕೆ ಬೆಲ್ಟ್, ಕೆಳಗೆ ಹಾಸಿಗೆ. ಇಳಿಸುವಾಗ ಮೊದಲು ಚೀಲ ಬಿಚ್ಚಿ, ಆಮೇಲೆ ಬೆಲ್ಟ್. ಇದು ತಿರುಗುಮುರುಗಾದರೆ ಹಿಂದಿನ ತುದಿ ಧಡಕ್ಕನೆ ಬಿದ್ದು ಹಿಡಿದವರ ಕಾಲು ಹೋಗುತ್ತದೆ.

ಫ್ಯಾನ್ ಎದುರಿಗಿಟ್ಟರೆ ಕೂದಲು ಬೈಕಿನಲ್ಲಿ ಹೋದ ಹಾಗೆ ಹಿಂದಕ್ಕೆ ಹಾರುತ್ತದೆ. ಕೆಳಗಿಟ್ಟು, ನಿಧಾನಕ್ಕೆ ತಿರುಗಿಸಿ. ಉದ್ದ ಕೂದಲಾದರೆ ಕಟ್ಟಿಬಿಡುವುದೇ ವಾಸಿ.

ಹೊರಗಿನ ಒಂದು ಶಾಟ್ ಖಂಡಿತ ತೆಗೆಯಿರಿ: ಕರಿಮೆಣಸಿನ ಬಳ್ಳಿ ತುದಿವರೆಗೆ ಸುತ್ತಿದ ಸಿಲ್ವರ್ ಓಕ್ ಸಾಲನ್ನು, ಮಂಜು ಕವಿದ ಹೊತ್ತಿನಲ್ಲಿ, ಬುಡದಿಂದ ಮೇಲಕ್ಕೆ ನೋಡುತ್ತಾ. ನೀಲಿ ಮಾಡಿ ಅರ್ಧ ವೇಗಕ್ಕೆ ಇಳಿಸಿದರೆ ಅದು ಕಡಲಪಾಚಿಯ ಕಾಡು. ಹಾರಂಗಿಯಲ್ಲೋ ಕಾವೇರಿಯಲ್ಲೋ ಇಳಿದು ತೆಗೆಯುತ್ತೇವೆ ಎನ್ನುವವರಿಗೆ ಒಂದೇ ಮಾತು: ಮಳೆಗಾಲದ ಕೆಂಪು ನೀರಿನಲ್ಲಿ ಕೈಯೇ ಕಾಣುವುದಿಲ್ಲ, ಸೆಳವಂತೂ ಕಾಯುತ್ತಲೇ ಇರುತ್ತದೆ.

ಕೊನೆಯದು ಗುಳ್ಳೆ. ಇಡೀ ಚಿತ್ರ ನಿಲ್ಲುವುದು ಇದರ ಮೇಲೆ. ಮೀನಿನ ತೊಟ್ಟಿಗೆ ಹಿಂದಿನ ರಾತ್ರಿಯೇ ನೀರು ತುಂಬಿಡಿ. ಹೊಸ ನಲ್ಲಿ ನೀರಾದರೆ ಗಾಜಿಗೆಲ್ಲ ಸಣ್ಣ ಗುಳ್ಳೆ ಕಚ್ಚಿಕೊಳ್ಳುತ್ತದೆ. ಹಿಂದೆ ಕಪ್ಪು ಬಟ್ಟೆ, ಪಕ್ಕದಿಂದ ದೀಪ, ತಳದಲ್ಲಿ ಗುಳ್ಳೆ ಬಿಡುವ ಏರ್ ಸ್ಟೋನ್. ತೆಗೆದದ್ದನ್ನು ಎಡಿಟಿಂಗ್‌ನಲ್ಲಿ, ಕಪ್ಪನ್ನು ಮಾಯಮಾಡುವ ‘ಸ್ಕ್ರೀನ್’ ಮೋಡ್‌ನಲ್ಲಿ ಮುಖದ ಮೇಲೆ ಕೂರಿಸಿ. ನಟ ಓರೆಯಾಗಿದ್ದರೂ ಗುಳ್ಳೆ ಹೋಗಬೇಕಾದದ್ದು ನೀರಿನ ಮೇಲ್ಮೈ ಕಡೆಗೆ, ಅವನ ತಲೆಯ ಕಡೆಗಲ್ಲ.

ಉಸಿರು ಬಿಡುವ ಮನುಷ್ಯನಿಗೆ ಗುಳ್ಳೆ ಇರುತ್ತದೆ, ನೀರಿನವನಿಗೆ ಇರುವುದಿಲ್ಲ. ಹಾಗಾಗಿ ಶಕ್ತಿ ಹುಟ್ಟಿತೆಂದು ಮಿಂಚು ಹೊಡೆಸಬೇಕಾಗಿಲ್ಲ. ಮೊದಲು ಬಾಯಿಂದ ದಪ್ಪ ಗುಳ್ಳೆಗಳು, ಆಮೇಲೆ ಮೂಗಿನಿಂದ ಎಳೆಯಾಗಿ, ಆಮೇಲೆ ತುಟಿಯ ಅಂಚಿನಲ್ಲಿ ಅಂಟಿ ನಿಂತ ಒಂದೇ ಒಂದು. ಅದೂ ಬಿಟ್ಟುಹೋದ ಮೇಲೆ ಖಾಲಿ ಮುಖವನ್ನು ನಾಲ್ಕು ಸೆಕೆಂಡ್ ಕತ್ತರಿಸದೆ ಬಿಡಿ. ಅಷ್ಟರವರೆಗೆ ಶಬ್ದವನ್ನೆಲ್ಲ ಮೇಲಿನ ಸ್ವರಗಳನ್ನು ತಡೆಯುವ 600 ಹರ್ಟ್ಸ್‌ನ ಲೋ-ಪಾಸ್ ಫಿಲ್ಟರ್‌ನಲ್ಲಿ ಮುಚ್ಚಿಟ್ಟಿದ್ದು, ಕಣ್ಣು ತೆರೆಯುವಾಗ ಫಿಲ್ಟರ್ ತೆಗೆಯಿರಿ. ಹಿನ್ನೆಲೆ ಸಂಗೀತ ಅಲ್ಲಿ ಬೇಡ.